ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ವಿಮಾನ ಪ್ರಯಾಣದ ದೂರ ಮತ್ತು ಸಮಯದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಪಶ್ಚಿಮ ಕರಾವಳಿಯ ಪ್ರಯಾಣಕ್ಕೆ ಸಂಬಂಧಿಸಿದವು. ಹಾಗಾಗಿ ಈ ಸಲ ಅದನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಸ್ಯಾನ್ ಹೊಸೆಯಲ್ಲಿದ್ದಾಳೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಂದು ಕಡೆ 13,990 ಎಂದಿದೆ, ಇನ್ನೊಂದು ಕಡೆ 8,690, ಮತ್ತೊಂದು ಕಡೆ 7,550. ಟಿಕೆಟ್ ಏಜೆಂಟ್ 16,500 ಅನ್ನುತ್ತಾರೆ. ಯಾವುದನ್ನು ನಂಬುವುದು? (ಮೈಸೂರು)

ನಾಲ್ಕೂ ಸರಿಯೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಒಂದು ಮೈಲಿಗೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಪೈಲಟ್‌ಗಳ ಲೆಕ್ಕವೆಲ್ಲ ನಾಟಿಕಲ್ ಮೈಲಿಯಲ್ಲೇ ನಡೆಯುತ್ತದೆ. ವೇಗವನ್ನು ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂದು) ಹೇಳುವುದೂ ಅದಕ್ಕೇ.

ಏಜೆಂಟ್ ಹೇಳಿದ್ದು ಫ್ರಾಂಕ್‌ಫರ್ಟ್ ಮೇಲಿಂದ ಹೋಗುವ ದೂರ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 7,400, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 9,150, ಒಟ್ಟು 16,550 ಕಿ.ಮೀ. ದುಬೈ ಮೂಲಕವಾದರೆ 2,700 ಮತ್ತು 13,020 ಸೇರಿ 15,700ರ ಆಸುಪಾಸು. ಇವೆಲ್ಲ ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರಗಳು. ವಿಮಾನ ನಿಜಕ್ಕೂ ಹಾರುವ ದೂರ ಇದಕ್ಕಿಂತ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಹತ್ತರಷ್ಟು ಹೆಚ್ಚಿರುತ್ತದೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಯಾರಾದರೂ ದೂರ ಹೇಳಿದರೆ ಯಾವ ಅಳತೆಯಲ್ಲಿ, ಯಾವ ದಾರಿಯಲ್ಲಿ ಎಂದು ಕೇಳಿ. ಅದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಈ ದೂರವನ್ನು ನಾವೇ ಲೆಕ್ಕ ಹಾಕಬಹುದೇ? ಪಿಯುಸಿ ಮಕ್ಕಳಿಗೆ ತೋರಿಸಬೇಕಿತ್ತು. (ಹಾಸನ)

ಖಂಡಿತ. ಸೈನ್, ಕಾಸ್ ಇರುವ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಎರಡು ಊರುಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಬೆಂಗಳೂರು ವಿಮಾನ ನಿಲ್ದಾಣ 13.20 ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಉತ್ತರ, 122.38 ಪಶ್ಚಿಮ.

ಮೊದಲು ರೇಖಾಂಶದ ಅಂತರ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ಕೂಡಬೇಕು: 77.71 + 122.38 = 200.09. ಇದು 180 ದಾಟಿದೆ, ಹಾಗಾಗಿ 360ರಿಂದ ಕಳೆಯಿರಿ: 159.91 ಡಿಗ್ರಿ.

ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.2284 × 0.6104 = 0.1394.
ಎರಡು ಅಕ್ಷಾಂಶಗಳ ಕಾಸ್‌ಗಳನ್ನು, ಜೊತೆಗೆ ರೇಖಾಂಶ ಅಂತರದ ಕಾಸ್ ಅನ್ನು ಗುಣಿಸಿ: 0.9736 × 0.7921 × (−0.9392) = −0.7243.
ಎರಡನ್ನೂ ಕೂಡಿ: −0.5849. ಇದರ ವಿಲೋಮ ಕಾಸ್ 125.8 ಡಿಗ್ರಿ.

ಭೂಮಿಯ ಮೇಲೆ ಒಂದು ಡಿಗ್ರಿ ಕಮಾನಿನ ಉದ್ದ ಸುಮಾರು 111.2 ಕಿ.ಮೀ. (ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡರೆ). 125.8 × 111.2 = 13,989 ಕಿ.ಮೀ. 2021ರಲ್ಲಿ ಈ ಮಾರ್ಗ ಆರಂಭಿಸಿದಾಗ ಏರ್ ಇಂಡಿಯಾ ಹೇಳಿದ ದೂರ 13,993 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಈ ವಿಧಾನದಲ್ಲಿ ಅರ್ಧ ಶೇಕಡಾದವರೆಗೆ ವ್ಯತ್ಯಾಸ ಬರುವುದು ಅದರಿಂದ.

ಮಕ್ಕಳು ತಪ್ಪುವುದು ಮೂರು ಕಡೆ. ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ. 30 ಡಿಗ್ರಿಯ ಸೈನ್ 0.5 ಬರುತ್ತಿದೆಯೇ ಎಂದು ಮೊದಲೇ ಪರೀಕ್ಷಿಸಿ. 13 ಡಿಗ್ರಿ 12 ನಿಮಿಷ ಎಂದಿದ್ದರೆ ಅದು 13.12 ಅಲ್ಲ, 13.20. ನಿಮಿಷವನ್ನು 60ರಿಂದ ಭಾಗಿಸಬೇಕು. ಇನ್ನು ಸಿಡ್ನಿಯಂಥ ದಕ್ಷಿಣ ಗೋಳಾರ್ಧದ ಊರಾದರೆ ಅಕ್ಷಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು. ಅದನ್ನು ಬಿಟ್ಟರೆ ಸಿಡ್ನಿ ಜಪಾನಿನ ಪಕ್ಕದಲ್ಲಿ ಬಂದು ಕೂರುತ್ತದೆ. ಸರಿಯಾಗಿ ಹಾಕಿದರೆ ಬೆಂಗಳೂರು–ಸಿಡ್ನಿ ಸುಮಾರು 9,350 ಕಿ.ಮೀ. ಬರಬೇಕು.

ಪ್ರಶ್ನೆ: ಗೋಡೆಯ ನಕ್ಷೆಯಲ್ಲಿ ನೋಡಿದರೆ ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ದಾಟುವುದೇ ಹತ್ತಿರ ಅನ್ನಿಸುತ್ತದೆ. ವಿಮಾನ ಉತ್ತರ ಧ್ರುವದ ಮೇಲೆ ಹೋಯಿತು ಎಂದು ಪತ್ರಿಕೆಯಲ್ಲಿ ಬಂದಿತ್ತು. ಅಷ್ಟು ಸುತ್ತು ಯಾಕೆ? (ದಾವಣಗೆರೆ)

ಸುತ್ತಿನಂತೆ ಕಾಣುವುದು ನಕ್ಷೆಯಲ್ಲಿ ಮಾತ್ರ. ಗುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆಯ ಜಾಗಗಳು ವಿಪರೀತ ಹಿಗ್ಗಿಹೋಗುತ್ತವೆ. ಶಾಲೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಪೆಸಿಫಿಕ್‌ನ ನಟ್ಟನಡುವೆ ಹೋಗುವುದಿಲ್ಲ. ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ಪೂರ್ವಕ್ಕೆ 20 ಡಿಗ್ರಿಯಷ್ಟು ಮಾತ್ರ ವಾಲಿ, ತೆಲಂಗಾಣ, ಮಧ್ಯಪ್ರದೇಶ, ನೇಪಾಳ, ಟಿಬೆಟ್, ಸೈಬೀರಿಯ ದಾಟುತ್ತದೆ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲೆ ಹಾದು ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ನೇರ ದಾರಿ ಎಂದರೆ ಅದೇ. ಇನ್ನೊಂದು ಲೆಕ್ಕ ಹೇಳುತ್ತೇವೆ: ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವಕ್ಕೆ ಹೋಗಿ, ಧ್ರುವದಿಂದ ಬೆಂಗಳೂರಿಗೆ ಬಂದರೆ ಒಟ್ಟು 14,360 ಕಿ.ಮೀ. ಆಗುತ್ತದೆ. ಅತಿ ಹತ್ತಿರದ ದಾರಿಗಿಂತ 370 ಕಿ.ಮೀ. ಮಾತ್ರ ಹೆಚ್ಚು, ಅಂದರೆ ಅರ್ಧ ಗಂಟೆಯೂ ಇಲ್ಲ. ಗಾಳಿ ಅನುಕೂಲವಾಗಿದ್ದರೆ ಆ ಹೆಚ್ಚುವರಿ ದೂರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಿದ್ದರೂ ವಿಮಾನಗಳು ಈ ನೇರ ಗೆರೆಯ ಮೇಲೆ ಹೋಗುವುದಿಲ್ಲ. ಮುಖ್ಯ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ದಿಢೀರನೆ ಹೋದರೆ ವಿಮಾನ 10,000 ಅಡಿಗೆ ಇಳಿಯಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮಾಸ್ಕ್‌ಗಳಲ್ಲಿ ಹೆಚ್ಚಿನ ವಿಮಾನಗಳಲ್ಲಿ ಆಮ್ಲಜನಕ ಇರುವುದು ಹನ್ನೆರಡರಿಂದ ಇಪ್ಪತ್ತು ನಿಮಿಷಕ್ಕಷ್ಟೇ. ಟಿಬೆಟ್‌ನಲ್ಲಿ ನೆಲವೇ 14–15 ಸಾವಿರ ಅಡಿ ಎತ್ತರದಲ್ಲಿದೆ, ಸುತ್ತ ಅದಕ್ಕಿಂತ ಎತ್ತರದ ಬೆಟ್ಟಗಳು. ಇಳಿಯಲು ಜಾಗವಿಲ್ಲ. ಹಾಗಾಗಿ ಆ ಪ್ರದೇಶವನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತಾರೆ.

ಎರಡನೆಯದು, ಎರಡು ಎಂಜಿನ್‌ಗಳ ವಿಮಾನ ದಾರಿಯುದ್ದಕ್ಕೂ ಒಂದು ಎಂಜಿನ್ನಿನಲ್ಲೇ ನಿಗದಿತ ಅವಧಿಯೊಳಗೆ ತಲುಪಬಹುದಾದ ನಿಲ್ದಾಣ ಇರುವಂತೆ ನೋಡಿಕೊಳ್ಳಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. ನಿರ್ಜನವಾಗಿ ಕಾಣುವ ಆ ದಾರಿಯಲ್ಲಿ ಇಂಥ ನಿಲ್ದಾಣಗಳನ್ನು ಮೊದಲೇ ಗುರುತಿಸಿಟ್ಟುಕೊಂಡಿರುತ್ತಾರೆ.

ಪ್ರಶ್ನೆ: ಹೋಗುವಾಗ 16 ಗಂಟೆ, ಬರುವಾಗ ಸುಮಾರು 18 ಗಂಟೆ ಎಂದು ಟಿಕೆಟ್‌ನಲ್ಲಿದೆ. ದಾರಿ ಒಂದೇ ಅಲ್ಲವೇ? (ಹುಬ್ಬಳ್ಳಿ)

ದಾರಿಯೂ ಒಂದೇ ಅಲ್ಲ, ಗಾಳಿಯೂ ಒಂದೇ ಅಲ್ಲ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾಗಿ ಹರಿಯುವ ಗಾಳಿಯ ಪಟ್ಟಿಗಳಿವೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇದು ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ, ಜಪಾನಿನ ಸುತ್ತಮುತ್ತ ಇನ್ನೂ ಜೋರು. ಪೂರ್ವಕ್ಕೆ ಹೋಗುವ ವಿಮಾನ ಈ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಲು ಸಾಮಾನ್ಯವಾಗಿ ಚೀನಾ, ಜಪಾನಿನ ಕಡೆಯಿಂದ ಉತ್ತರ ಪೆಸಿಫಿಕ್ ದಾಟುತ್ತದೆ. ವಾಪಸು ಬರುವಾಗ ಅದೇ ಗಾಳಿ ಎದುರಾಗುತ್ತದೆ. ಅದನ್ನು ತಪ್ಪಿಸಲು ಆದಷ್ಟು ಉತ್ತರಕ್ಕೆ, ಧ್ರುವದ ಕಡೆಗೆ ಸರಿಯುತ್ತಾರೆ.

ಗಾಳಿ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಬೋಯಿಂಗ್ 777ರ ವೇಗ ಆ ಎತ್ತರದಲ್ಲಿ ಗಂಟೆಗೆ ಸುಮಾರು 890 ಕಿ.ಮೀ. ಹಾರುವ ದೂರ 14,500 ಕಿ.ಮೀ. ಎಂದುಕೊಳ್ಳೋಣ. ಗಾಳಿ ಇಲ್ಲದಿದ್ದರೆ 16 ಗಂಟೆ 18 ನಿಮಿಷ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ 15 ಗಂಟೆ 16 ನಿಮಿಷ, ಎದುರಿನಿಂದ ಬೀಸಿದರೆ 17 ಗಂಟೆ 28 ನಿಮಿಷ. 60 ಕಿ.ಮೀ. ಗಾಳಿಗೇ ಎರಡು ಗಂಟೆಗೂ ಮೀರಿ ವ್ಯತ್ಯಾಸ! 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಹಾಗೆಂದು ಅದು ಶಬ್ದದ ವೇಗವನ್ನು ಮೀರಲಿಲ್ಲ. ಸುತ್ತಲಿನ ಗಾಳಿಯ ಜೊತೆ ಹೋಲಿಸಿದರೆ ಅದರ ವೇಗ ಎಂದಿನಷ್ಟೇ ಇತ್ತು, ಗಾಳಿಯೇ ಓಡುತ್ತಿತ್ತು.

ಧ್ರುವದ ಕಡೆಗೆ ಸರಿದರೆ ಇನ್ನೊಂದು ತಾಪತ್ರಯವಿದೆ, ಚಳಿ. ಹೊರಗಿನ ಉಷ್ಣತೆ ಸೊನ್ನೆಗಿಂತ 60–70 ಡಿಗ್ರಿ ಕೆಳಗೆ ಹೋಗಬಹುದು. ರೆಕ್ಕೆಯಲ್ಲಿರುವ ಇಂಧನ ಗಂಟೆಗಟ್ಟಲೆ ಆ ಚಳಿಯಲ್ಲಿ ತಣ್ಣಗಾಗುತ್ತಾ ಬರುತ್ತದೆ. ಭಾರತದಲ್ಲಿ ತುಂಬಿಸುವ ಜೆಟ್ ಎ-1 ಇಂಧನದ ಘನೀಕರಣ ಮಿತಿ −47 ಡಿಗ್ರಿ ಸೆಲ್ಸಿಯಸ್, ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಜೆಟ್ ಎ ಇಂಧನದ್ದು −40. ಅಂದರೆ ಧ್ರುವದ ದಾರಿಯಲ್ಲಿ ಬರುವ ವಿಮಾನದಲ್ಲೇ ಬೇಗ ಹೆಪ್ಪುಗಟ್ಟಬಲ್ಲ ಇಂಧನ ಇರುತ್ತದೆ. ಇಂಧನದ ಉಷ್ಣತೆ ಈ ಮಿತಿಗಿಂತ ಕನಿಷ್ಠ 3 ಡಿಗ್ರಿ ಮೇಲಿರುವಂತೆ ಪೈಲಟ್‌ಗಳು ಕಾಯುತ್ತಾರೆ. ತೀರಾ ಇಳಿಯುತ್ತಿದ್ದರೆ ತುಸು ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಬೆಚ್ಚಗಿರುವ ಕೆಳಗಿನ ಮಟ್ಟಕ್ಕೆ ಇಳಿಯುತ್ತಾರೆ, ಅದೂ ಆಗದಿದ್ದರೆ ದಾರಿಯನ್ನೇ ಬದಲಿಸುತ್ತಾರೆ.

ಪ್ರಶ್ನೆ: ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಬರುವ ವಿಮಾನಕ್ಕೆ 17 ಮುಕ್ಕಾಲು ಗಂಟೆ ಎಂದು ಹೇಗೆ ಹೇಳುತ್ತಾರೆ? (ಶಿವಮೊಗ್ಗ)

ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಮೊದಲ ನಾನ್‌ಸ್ಟಾಪ್ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡವೇ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದಿತು. ಅದರ ವೇಳಾಪಟ್ಟಿ ಹೀಗಿತ್ತು: 2021ರ ಜನವರಿ 9, ಶನಿವಾರ ರಾತ್ರಿ 8.30ಕ್ಕೆ ಹೊರಡುವುದು. ಜನವರಿ 11, ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು ತಲುಪುವುದು. ಎರಡೂ ಸ್ಥಳೀಯ ಸಮಯ.

ನೇರವಾಗಿ ಕಳೆದರೆ 31 ಗಂಟೆ 15 ನಿಮಿಷ. ಆದರೆ ಚಳಿಗಾಲದಲ್ಲಿ ನಮ್ಮ ಸಮಯ ಅಲ್ಲಿಗಿಂತ 13 ಗಂಟೆ 30 ನಿಮಿಷ ಮುಂದೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಭಾನುವಾರ ಬೆಳಿಗ್ಗೆ 10ರಿಂದ ಸೋಮವಾರ 3.45ರವರೆಗೆ ಎಣಿಸಿ: 17 ಗಂಟೆ 45 ನಿಮಿಷ. ಎರಡೂ ಸಮಯವನ್ನು ಒಂದೇ ಊರಿನ ಗಡಿಯಾರಕ್ಕೆ ತಂದು ಕಳೆಯುವುದೇ ಸರಿಯಾದ ಕ್ರಮ.

ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಅಂತರ 12 ಗಂಟೆ 30 ನಿಮಿಷ. ಮನೆಯಲ್ಲೇ ಕುಳಿತು ಹೇಳಲು ಸುಲಭ ದಾರಿ: ನಮ್ಮ ಸಮಯದಿಂದ ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆದು ಹಗಲು-ರಾತ್ರಿ ಅದಲುಬದಲು ಮಾಡಿ. ಇಲ್ಲಿ ಜುಲೈನಲ್ಲಿ ಬೆಳಿಗ್ಗೆ 6.30 ಆದರೆ ಅಲ್ಲಿ ಹಿಂದಿನ ದಿನ ಸಂಜೆ 6. ಮಧ್ಯಾಹ್ನ 2.30ಕ್ಕೆ ಇಲ್ಲಿಂದ ಹೊರಟವರು 16 ಗಂಟೆ ಹಾರಿ, ಅದೇ ದಿನ ಸಂಜೆ 6ಕ್ಕೆ ಅಲ್ಲಿ ಇಳಿಯುವುದೂ ಇದರಿಂದಲೇ. ವಿಮಾನ ನಿಲ್ದಾಣಕ್ಕೆ ಕರೆಯಲು ಬರುವವರಿಗೆ ತಾರೀಖು ಹೇಳುವಾಗ ತಪ್ಪು ಆಗುವುದು ಇಲ್ಲೇ. ಟಿಕೆಟ್‌ನಲ್ಲಿ ಸಮಯದ ಪಕ್ಕ +1, +2 ಎಂದಿದ್ದರೆ ಅಷ್ಟು ದಿನ ಸೇರಿಸಿ.

ಮಂಗಳೂರಿನ ಓದುಗರೊಬ್ಬರು ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 12ಕ್ಕೆಲ್ಲ ದುಬೈ ತಲುಪುತ್ತದೆ, ಬರುವಾಗ ಮಾತ್ರ ಐದು ಗಂಟೆ ಏಕೆ ಎಂದು ಕೇಳಿದ್ದಾರೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ದೂರ ಸುಮಾರು 2,460 ಕಿ.ಮೀ., ಎರಡೂ ಕಡೆ ಮೂರೂವರೆ ಗಂಟೆಯ ಆಸುಪಾಸಿನ ಹಾರಾಟವೇ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮ್ಮ ಒಬ್ಬರೇ ಹೋಗಬೇಕು. 66 ವರ್ಷ, ಸಕ್ಕರೆ ಕಾಯಿಲೆ ಇದೆ, ಇಂಗ್ಲಿಷ್ ಬಾರದು. ನಾನ್‌ಸ್ಟಾಪ್ ಒಳ್ಳೆಯದೋ, ನಡುವೆ ಇಳಿಯುವುದೋ? (ತುಮಕೂರು)

ಆ ದಿನಗಳಲ್ಲಿ ಬೆಂಗಳೂರಿನಿಂದ ನಾನ್‌ಸ್ಟಾಪ್ ಸಿಕ್ಕರೆ ಅದೇ ಒಳ್ಳೆಯದು. ಈ ಮಾರ್ಗಗಳು ಆಗಾಗ ಶುರುವಾಗಿ ನಿಲ್ಲುತ್ತಿರುತ್ತವೆ, ಹಾಗಾಗಿ ಹೊರಡುವ ತಿಂಗಳ ವೇಳಾಪಟ್ಟಿಯನ್ನೇ ನೋಡಿ. ‘ಡೈರೆಕ್ಟ್’ ಎಂದಿದ್ದರೆ ನಡುವೆ ಎಲ್ಲಿಯೂ ಇಳಿಯುವುದಿಲ್ಲ ಎಂದು ಭಾವಿಸಬೇಡಿ. ಒಂದೇ ಫ್ಲೈಟ್ ನಂಬರ್ ಇಟ್ಟುಕೊಂಡು ನಡುವೆ ಇಳಿದು ಹೋಗುವುದನ್ನೂ ಹಾಗೆಯೇ ಕರೆಯುತ್ತಾರೆ. ಸ್ಟಾಪ್ ಎಷ್ಟು ಎಂದು ಕೇಳಿ.

ಒಂದು ಕಡೆ ಇಳಿದು ಹತ್ತಬೇಕಾದರೆ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಅಗ್ಗವೆಂದು ಎರಡು ಬೇರೆ ಟಿಕೆಟ್ ಮಾಡಿಸಿದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಆ ಕಂಪನಿಗೆ ಹೊಣೆ ಇರುವುದಿಲ್ಲ. ಲಗೇಜನ್ನೂ ನಡುವೆ ಬಿಡಿಸಿಕೊಂಡು ಮತ್ತೆ ಕೊಡಬೇಕಾಗಿ ಬರಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗುವ ಸಂದರ್ಭವೂ ಉಂಟು. ಒಬ್ಬರೇ ಹೋಗುವ ಹಿರಿಯರಿಗೆ ಈ ಉಳಿತಾಯ ಖಂಡಿತ ಬೇಡ. ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಎಂಟು ಹತ್ತು ಗಂಟೆ ಕಾಯುವುದೂ ಅವರಿಗೆ ಶಿಕ್ಷೆಯೇ.

ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮುಂದಿನ ವಿಮಾನಕ್ಕೆ ಮತ್ತೆ ಕೊಡುವುದು ಸಾಮಾನ್ಯ ನಿಯಮ. ಹಾಗಾಗಿ ನ್ಯೂಯಾರ್ಕ್ ಅಥವಾ ಷಿಕಾಗೋದಲ್ಲಿ ಬದಲಿಸುವುದಕ್ಕಿಂತ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಮೊದಲು ಇಳಿಯುವ ಟಿಕೆಟ್ ಹಿತ. ಅಲ್ಲಿ ಹೊರಗೆ ಮಗಳೋ ಅಳಿಯನೋ ನಿಂತಿರುತ್ತಾರೆ. ಅಬುಧಾಬಿ ಮೂಲಕ ಹೋದರೆ ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುವ ವ್ಯವಸ್ಥೆ 2014ರಿಂದ ಇದೆ, ಆದರೆ ಅದಕ್ಕೆ ನಡುವೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕು.

ನಡೆಯಬಲ್ಲವರಾದರೂ ಬುಕ್ ಮಾಡುವಾಗಲೇ ಗಾಲಿಕುರ್ಚಿ ಸಹಾಯ ಕೇಳಿಡಿ. ಕರೆದೊಯ್ಯುವ ಸಿಬ್ಬಂದಿ ಗೇಟ್‌ನಿಂದ ಗೇಟ್‌ಗೆ ಮುಟ್ಟಿಸುತ್ತಾರೆ, ಭಾಷೆ ಬಾರದವರಿಗೆ ದೊಡ್ಡ ಆಸರೆ. ಮಗಳ ವಿಳಾಸ, ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ವಾಪಸು ಟಿಕೆಟ್ ಯಾವತ್ತು ಎಂಬುದನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.

ಮಾತ್ರೆ, ಇನ್ಸುಲಿನ್ ಎಲ್ಲವೂ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಕೆಳಗೆ ಕಳಿಸುವ ಲಗೇಜಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು. 12–13 ಗಂಟೆ ಸಮಯ ಬದಲಾಗುವುದರಿಂದ ಯಾವ ಡೋಸ್ ಯಾವಾಗ ಎಂದು ಅವರ ವೈದ್ಯರಿಂದಲೇ ಭಾರತೀಯ ಸಮಯದಲ್ಲಿ ಬರೆಸಿಕೊಳ್ಳಿ. ಅಮ್ಮನ ಕೈಗಡಿಯಾರವನ್ನು ಇಳಿಯುವವರೆಗೂ ಬದಲಿಸಬೇಡಿ. ಎರಡು ಗಂಟೆಗೊಮ್ಮೆ ಎದ್ದು ಓಡಾಡಲು ಅನುಕೂಲವಾಗುವಂತೆ ಐಲ್ ಸೀಟು ತೆಗೆದುಕೊಳ್ಳಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ.

ಪ್ರಶ್ನೆ: ಬೆಂಗಳೂರು–ದೆಹಲಿ 1,710 ಕಿ.ಮೀ. ವಿಮಾನದ ವೇಗ 850 ಆದರೆ ಎರಡು ಗಂಟೆ ಸಾಕು. ಟಿಕೆಟ್‌ನಲ್ಲಿ ಎರಡು ಮುಕ್ಕಾಲು ಯಾಕೆ? (ಕಲಬುರಗಿ)

ಟಿಕೆಟ್‌ನಲ್ಲಿರುವುದು ಗೇಟ್ ಬಿಟ್ಟು ಗೇಟ್ ಸೇರುವವರೆಗಿನ ಸಮಯ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ನಿಧಾನವಾಗಿ ಏರುವುದು-ಇಳಿಯುವುದು, ದೆಹಲಿಯ ಮೇಲೆ ಸುತ್ತುವುದು ಎಲ್ಲ ಅದರಲ್ಲೇ ಸೇರಿದೆ. ತಡವಾಗದಂತೆ ಕಂಪನಿಗಳು ಸ್ವಲ್ಪ ಹೆಚ್ಚು ಸಮಯವನ್ನೂ ಸೇರಿಸಿ ಹಾಕಿರುತ್ತವೆ.

ಪ್ರಶ್ನೆ: ಭೂಮಿ ಪೂರ್ವಕ್ಕೆ ತಿರುಗುತ್ತದೆ. ವಿಮಾನ ಮೇಲಕ್ಕೇರಿ ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬೇಕಲ್ಲ? (ವಿದ್ಯಾರ್ಥಿ, ಚಿತ್ರದುರ್ಗ)

ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಅದರೊಂದಿಗೆ ಗಾಳಿಯೂ, ನಿಲ್ದಾಣದಲ್ಲಿ ನಿಂತ ವಿಮಾನವೂ ಸಾಗುತ್ತಿವೆ. ಮೇಲಕ್ಕೇರಿದ ಮಾತ್ರಕ್ಕೆ ವಿಮಾನ ಆ ವೇಗವನ್ನು ಕಳೆದುಕೊಳ್ಳುವುದಿಲ್ಲ. ವಿಮಾನಕ್ಕೆ ಮುಖ್ಯವಾದದ್ದು ಸುತ್ತಲಿನ ಗಾಳಿಯ ಜೊತೆಗಿನ ವೇಗ. ಜೆಟ್ ಸ್ಟ್ರೀಮ್ ಪೂರ್ವಕ್ಕೇ ಹರಿಯುವುದರಲ್ಲಿ ಭೂಮಿಯ ತಿರುಗುವಿಕೆಯ ಪಾತ್ರವಿದೆ ಎಂಬುದು ನಿಜ. ನಿಮ್ಮ ಪ್ರಶ್ನೆಗೂ ಸತ್ಯಕ್ಕೂ ಇರುವ ನಂಟು ಅಷ್ಟು.

ಪ್ರಶ್ನೆ: ಒಂದೇ ಊರಿಗೆ ಎರಡು ಕಂಪನಿಗಳ ನಾನ್‌ಸ್ಟಾಪ್ ವಿಮಾನಗಳಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಇರುವುದೇಕೆ? (ಬೆಳಗಾವಿ)

ಆಕಾಶದಲ್ಲೂ ಗಡಿಗಳಿವೆ, ಅವು ಎಲ್ಲರಿಗೂ ಒಂದೇ ರೀತಿ ತೆರೆದಿರುವುದಿಲ್ಲ. 2022ರಿಂದ ರಷ್ಯಾದ ಆಕಾಶ ಯುರೋಪ್ ಒಕ್ಕೂಟದ ಮತ್ತು ಅಮೆರಿಕದ ಕಂಪನಿಗಳಿಗೆ ಮುಚ್ಚಿದೆ. ಭಾರತೀಯ ಕಂಪನಿಗಳಿಗೆ ಆ ನಿಷೇಧವಿಲ್ಲ. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್‌ಏರ್ ಮೊದಲು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿತ್ತು, ಆಮೇಲೆ ಅದು 13 ಗಂಟೆಯ ಹಾರಾಟವಾಯಿತು. ಇನ್ನೊಂದೆಡೆ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿತು. ಬೇರೆ ದೇಶಗಳ ಕಂಪನಿಗಳು ಅದೇ ದಾರಿಯಲ್ಲಿ ಹಾರುತ್ತಲೇ ಇದ್ದವು. ಹೆಚ್ಚು ಪೆಟ್ಟು ಬಿದ್ದದ್ದು ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ಭಾರತೀಯ ವಿಮಾನಗಳಿಗೆ. ಕೆಲವು ಇಂಧನಕ್ಕಾಗಿ ನಡುವೆ ವಿಯೆನ್ನಾದಂಥ ಕಡೆ ಇಳಿಯಬೇಕಾಯಿತು.

ಆದ್ದರಿಂದ ಹಳೆಯ ಟಿಕೆಟ್‌ನ ಸಮಯ ನೋಡಿ ಮುಂದಿನ ರೈಲು, ಬಸ್ಸು, ಮದುವೆ ಮುಹೂರ್ತ ನಿಗದಿ ಮಾಡಿಕೊಳ್ಳಬೇಡಿ. ಬುಕ್ ಮಾಡುವ ಮುನ್ನ ಆ ಫ್ಲೈಟ್ ನಂಬರನ್ನು ವಿಮಾನ ಹಿಂಬಾಲಿಸುವ ಯಾವುದಾದರೂ ಆ್ಯಪ್‌ನಲ್ಲಿ ಹಾಕಿ, ಕಳೆದ ಒಂದು ವಾರ ಅದು ಯಾವ ದಾರಿಯಲ್ಲಿ ಹಾರಿತು, ನಿಜಕ್ಕೂ ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡಿ. ಏಳು ದಿನಗಳಲ್ಲಿ ನಾಲ್ಕೈದು ದಿನ ಒಂದು ಗಂಟೆ ತಡವಾಗಿದ್ದರೆ, ಮುಂದಿನ ವಿಮಾನಕ್ಕೆ ಒಂದೂವರೆ ಗಂಟೆಯ ಅಂತರವಿರುವ ಟಿಕೆಟ್ ತೆಗೆದುಕೊಳ್ಳಬೇಡಿ.